ಕೆಂಪು ಕುಲಾವಿಯ ಹುಡುಗಿ: ಮಕ್ಕಳ ಕಥೆಯಲ್ಲಿ ಚಿತ್ರದ ಧರ್ಮ

ಮಕ್ಕಳಿಗಾಗಿ ಅಚ್ಚಾಗುವ ಸಚಿತ್ರ ಕಥಾಪುಸ್ತಕಗಳನ್ನು ವಿಮರ್ಶೆಗೆ ತಕ್ಕ ವಸ್ತುವೆಂದು ಎಣಿಸುವವರು ನಮ್ಮಲ್ಲಿ ವಿರಳ. ಅವುಗಳ ವಿಷಯವಾಗಿ ಬರೆಯಹೊರಟವರು ಕೂಡ ‘ಚಿತ್ರಗಳು ಅಂದವಾಗಿವೆ, ಅಚ್ಚು ಶುದ್ಧವಾಗಿದೆ, ಬೆಲೆ ಹೆಚ್ಚಲ್ಲ’ ಎಂದು ಮೂರು ಮಾತು ಹೇಳಿ ಮುಗಿಸುವುದು ವಾಡಿಕೆ. ಕಥೆ ಹಳೆಯದು, ಎಲ್ಲರೂ ಬಲ್ಲದ್ದು. ಅದನ್ನು ತಿಳಿಯಾದ ಮಾತಿನಲ್ಲಿ ಮರಳಿ ಹೇಳಿದರೆ ಸಾಕು. ಚಿತ್ರವು ಅದಕ್ಕೆ ತೊಡಿಸಿದ ಒಡವೆ. ಇದು ಸಾಮಾನ್ಯವಾದ ಅಭಿಪ್ರಾಯ. ಒಡವೆಯನ್ನು ತೆಗೆದಿಟ್ಟರೆ ಮೈಗೆ ಕೊರತೆಯೇನೂ ಬಾರದು. ಆದರೆ ಮಕ್ಕಳ ಪುಸ್ತಕದಲ್ಲಿ ಚಿತ್ರದ ಸ್ಥಾನ ಅಂತಹದಲ್ಲವೆಂದು ನಮಗೆ ತೋರುವುದು. ಹಿಂದೆ ಕಥೆ ಹೇಳುತ್ತಿದ್ದ ಅಜ್ಜಿಯ ಕಂಠಕ್ಕೆ ಯಾವ ಕೆಲಸವಿದ್ದಿತೋ, ಪುಸ್ತಕದಲ್ಲಿ ಆ ಕೆಲಸವು ಚಿತ್ರದ ಪಾಲಿಗೆ ಬಂದಿದೆ. ಇದನ್ನು ಮರೆತು ಚಿತ್ರವನ್ನು ಬರಿಯ ಅಲಂಕಾರವೆಂದು ಬಗೆದವರೂ, ಮಾತನ್ನು ಮಕ್ಕಳ ಹಿತಕ್ಕೆಂದು ತಿದ್ದಲು ಹೊರಟವರೂ ಎಡವಿದ್ದಾರೆ. ಈ ಮಾತನ್ನು ಒಂದೇ ಒಂದು ಕಥೆಯನ್ನು ಹಿಡಿದು ಪರೀಕ್ಷಿಸಿ ನೋಡುವುದು ಪ್ರಕೃತ ಲೇಖನದ ಉದ್ದೇಶ.

ಆ ಕಥೆಯು ಯೂರೋಪಿನ ಮಕ್ಕಳೆಲ್ಲರೂ ಬಲ್ಲ ಕೆಂಪು ಕುಲಾವಿಯ ಹುಡುಗಿಯದು. ಕಾಯಿಲೆಯಾಗಿರುವ ಅಜ್ಜಿಗೆ ತಿಂಡಿಯನ್ನು ಕೊಂಡುಹೋಗುತ್ತಿರುವ ಹುಡುಗಿಯು ಕಾಡಿನಲ್ಲಿ ತೋಳವನ್ನು ಕಾಣುವಳು. ತಾನು ಹೋಗುವ ಮನೆ ಎಲ್ಲಿದೆಯೆಂಬುದನ್ನು ಅದಕ್ಕೆ ಹೇಳಿಬಿಡುವಳು. ತೋಳವು ಮುಂದಾಗಿ ಹೋಗಿ ಅಜ್ಜಿಯನ್ನು ನುಂಗಿ, ಅವಳ ಹಾಸಿಗೆಯಲ್ಲಿ ಮಲಗಿ ಹುಡುಗಿಗಾಗಿ ಕಾದಿರುವುದು. ಮುಂದಿನ ಪ್ರಶ್ನೋತ್ತರಗಳು ಪ್ರಸಿದ್ಧವಾದವು. ಅಜ್ಜಿಯ ತೋಳು, ಕಿವಿ, ಕಣ್ಣುಗಳಿಂದ ಹೊರಟು ಹಲ್ಲಿಗೆ ಬಂದು ಅವು ನಿಲ್ಲುವುವು. ಕಥೆಯು ಇಷ್ಟೆ. ಇಷ್ಟು ಚಿಕ್ಕದಾದ ಕಥೆಯು ಮುನ್ನೂರು ವರ್ಷಗಳಿಗೂ ಹೆಚ್ಚಾಗಿ ಅಚ್ಚಿನಲ್ಲಿ ಬಾಳಿ, ಪ್ರತಿಯೊಂದು ತಲೆಮಾರಿನಲ್ಲಿಯೂ ಹೊಸ ಚಿತ್ರಕಾರರನ್ನು ಪಡೆದಿದೆ.

ಇದನ್ನು ಮೊದಲು ಅಚ್ಚಿಗೆ ತಂದವನು ಫ್ರಾನ್ಸಿನ ಷಾರ್ಲ್ ಪೆರೋ. ೧೬೯೭ರಲ್ಲಿ ಪ್ಯಾರಿಸಿನಲ್ಲಿ ಪ್ರಕಟವಾದ ಅವನ ಗದ್ಯಕಥೆಗಳ ಸಂಗ್ರಹದಲ್ಲಿ ಒಟ್ಟು ೮ ಕಥೆಗಳಿವೆ. ಸಿಂಡರೆಲ್ಲಳ ಗಾಜಿನ ಪಾದರಕ್ಷೆಯೂ, ನಿದ್ರಿಸುವ ರಾಜಕುಮಾರಿಯೂ ಅಲ್ಲಿಯೇ ಬರುವರು. ಆ ಪುಸ್ತಕದ ಮುಖಚಿತ್ರವನ್ನು ನಾವು ಗಮನಿಸಬೇಕು. ಒಲೆಯ ಬೆಂಕಿಯ ಬಳಿ ಒಬ್ಬ ಮುದುಕಿಯು ನೂಲುತ್ತ ಕುಳಿತು ಕಥೆ ಹೇಳುತ್ತಿರುವಳು. ಸುತ್ತ ಮಕ್ಕಳು ಕುಳಿತು ಕೇಳುತ್ತಿರುವರು. ಹಿಂದಿನ ಬಾಗಿಲಿನ ಮೇಲೆ ‘ಬಾತುಕೋಳಿ ತಾಯಿಯ ಕಥೆಗಳು’ ಎಂಬ ಅರ್ಥದ ಫಲಕವು ತೂಗುತ್ತಿರುವುದು. ನಮ್ಮ ಭಾಷೆಯಲ್ಲಿ ಇದನ್ನು ‘ಅಡಗೂಲಜ್ಜಿಯ ಕಥೆಗಳು’ ಎಂದರೆ ಅರ್ಥವು ಸರಿಹೋಗುವುದು. ವಿದ್ವಾಂಸನೂ ಆಸ್ಥಾನಿಕನೂ ಆದ ಪೆರೋ ತನ್ನ ಪುಸ್ತಕದ ಬಾಗಿಲಿನಲ್ಲಿ ತನ್ನನ್ನು ನಿಲ್ಲಿಸಿಕೊಳ್ಳದೆ ಈ ಮುದುಕಿಯನ್ನು ಕೂರಿಸಿದನು. ಓದುವುದಕ್ಕೆಂದು ಅಚ್ಚಾದ ಪುಸ್ತಕವು ತಾನು ಕೇಳತಕ್ಕದ್ದೆಂದು ಮೊದಲನೆಯ ಚಿತ್ರದಲ್ಲಿಯೇ ಒಪ್ಪಿಕೊಂಡಂತಾಯಿತು.

ಇದಕ್ಕೆ ಎರಡು ವರ್ಷ ಮುಂಚೆ, ೧೬೯೫ರಲ್ಲಿ, ಇವುಗಳ ಪೈಕಿ ೫ ಕಥೆಗಳನ್ನು ಅಂದವಾಗಿ ಬರೆಯಿಸಿ, ಬಣ್ಣದ ಚಿತ್ರಗಳನ್ನು ಸೇರಿಸಿ ಒಬ್ಬ ರಾಜಕುಮಾರಿಗೆ ಅರ್ಪಿಸಿದ್ದರು. ಆ ಹಸ್ತಪ್ರತಿಯು ಈಗ ನ್ಯೂಯಾರ್ಕಿನ ಮಾರ್ಗನ್ ಗ್ರಂಥಭಂಡಾರದಲ್ಲಿದೆ. ಅದರಲ್ಲಿ ತೋಳದ ಕಡೆಯ ಉತ್ತರ ಬರುವೆಡೆ ಅಂಚಿನಲ್ಲೊಂದು ಸೂಚನೆಯಿದೆ. ಈ ಮಾತನ್ನು ಗಟ್ಟಿಯಾದ ದನಿಯಲ್ಲಿ ಹೇಳಿ, ತೋಳವೇ ತನ್ನನ್ನು ತಿನ್ನಲು ಬಂದಿತೆಂಬಂತೆ ಮಗುವನ್ನು ಹೆದರಿಸಬೇಕೆಂಬುದು ಅದರ ತಾತ್ಪರ್ಯ. ವಿಮರ್ಶಕನಿಗೆ ಇದಕ್ಕಿಂತ ಬೆಲೆಯುಳ್ಳ ಸಾಕ್ಷ್ಯ ಬೇರೊಂದಿಲ್ಲ. ಕಥೆಯ ಪ್ರಾಣವು ಬರೆದ ಅಕ್ಷರದಲ್ಲಿ ಪೂರ್ತಿಯಾಗಿ ಇಲ್ಲವೆಂದೂ, ಉಳಿದದ್ದನ್ನು ಹೇಳುವವರ ಕಂಠವು ತುಂಬಬೇಕೆಂದೂ ಬರೆದವನಿಗೆ ತಿಳಿದಿತ್ತು.

ಪೆರೋವಿನ ಕಥೆಯಲ್ಲಿ ಹುಡುಗಿಯು ಉಳಿಯುವುದಿಲ್ಲ. ತೋಳವು ಅವಳನ್ನು ತಿನ್ನುವುದರೊಡನೆ ಕಥೆಯು ಮುಗಿಯುವುದು. ಅನಂತರ ಪದ್ಯರೂಪವಾದ ನೀತಿಯೊಂದುಂಟು. ಎಲ್ಲ ತೋಳಗಳೂ ಬೊಬ್ಬಿಡುವುದಿಲ್ಲ. ಸವಿಮಾತನಾಡುತ್ತ ಮನೆಯವರೆಗೂ ಹಿಂಬಾಲಿಸುವ ಸಾಧುತೋಳವೇ ಎಲ್ಲಕ್ಕಿಂತ ಅಪಾಯಕರವೆಂಬುದು ಅದರ ಸಾರ. ಆ ನೀತಿಯನ್ನು ಪೆರೋ ಕಥೆಯೊಳಗೆ ತುರುಕಲಿಲ್ಲ. ಕಥೆಯನ್ನು ಅದರ ಪಾಡಿಗೆ ಮುಗಿಸಿ, ಆಮೇಲೆ ಬೇಕಾದವರು ಓದಿಕೊಳ್ಳಲೆಂದು ಹೊರಗಿಟ್ಟನು. ಈ ವಿವೇಕವನ್ನು ಮುಂದೆ ಒಬ್ಬ ದೊಡ್ಡ ಚಿತ್ರಕಾರನು ಮರೆತದ್ದನ್ನು ನೋಡಲಿರುವೆವು.

ಇಷ್ಟು ಕ್ರೂರವಾದ ಕಥೆಯನ್ನು ಎಳೆಯರಿಗೆ ಹೇಳಬಹುದೆ ಎಂಬ ಪ್ರಶ್ನೆಯು ಇಲ್ಲಿಯೇ ಏಳುವುದು. ನಮ್ಮ ಆಲಂಕಾರಿಕರು ಇದಕ್ಕೆ ಹತ್ತಿರವಾದ ಪ್ರಶ್ನೆಯನ್ನು ಬಹು ಹಿಂದೆಯೇ ವಿಚಾರಿಸಿರುವರು. ಅಭಿನವಗುಪ್ತನು ರಸಪ್ರತೀತಿಯನ್ನು ವಿವರಿಸುವಾಗ ಶಾಕುಂತಲದ ಮೊದಲನೆಯ ಅಂಕದಲ್ಲಿ ರಾಜನ ಬಾಣಕ್ಕೆ ಬೆದರಿ ಓಡುವ ಜಿಂಕೆಯನ್ನು ಉದಾಹರಿಸುವನು. ಅಲ್ಲಿ ನಮಗೆ ತೋರುವ ಭಯವು ‘ನಾನು ಹೆದರಿದೆನು’ ಎಂಬುದಲ್ಲ, ‘ಇವನು ಹೆದರಿದನು’ ಎಂಬುದೂ ಅಲ್ಲ. ದೇಶಕಾಲಗಳ ಕಟ್ಟಿಲ್ಲದ ಭಯವೇ ಹೃದಯವನ್ನು ಹೊಕ್ಕಂತಾಗಿ ಭಯಾನಕ ರಸವಾಗುವುದೆಂದು ಅವನ ಮತ. ಲೋಕದ ಭಯದಿಂದ ನಾವು ಓಡುವೆವು. ಕಾವ್ಯದ ಭಯವನ್ನು ಮತ್ತೆ ಮತ್ತೆ ಬೇಡುವೆವು. ಆದರೆ ಈ ಅಂತರವನ್ನು ಕಾಣಲು ಸಹೃದಯನಿಗೆ ಸಂಸ್ಕಾರವು ಬೇಕು. ನಾಲ್ಕು ವರ್ಷದ ಮಗುವಿಗೆ ಅದು ಎಲ್ಲಿಂದ ಬರಬೇಕು? ಅಜ್ಜಿಯ ತೊಡೆಯಿಂದ ಬರುವುದು. ‘ತಿಂದುಬಿಡುತ್ತೇನೆ’ ಎಂದು ಗದರಿದ ಬಾಯಿಯೇ ಮರುಕ್ಷಣದಲ್ಲಿ ನಗುವುದು. ಹಿಡಿಯಬಂದ ಕೈಯೇ ಅಪ್ಪಿಕೊಳ್ಳುವುದು. ಮಗುವು ಕಿರಿಚಿ, ನಕ್ಕು, ‘ಇನ್ನೊಮ್ಮೆ’ ಎನ್ನುವುದು. ಭಯವನ್ನು ರಸವಾಗಿ ಮಾರ್ಪಡಿಸುವ ಸಾಮಗ್ರಿಯೆಲ್ಲವೂ ಆ ಮಡಿಲಿನಲ್ಲಿದೆ. ಆ ಅಂಚಿನ ಸೂಚನೆಯನ್ನು ಬರೆದವನಿಗೆ ಇದು ಚೆನ್ನಾಗಿ ಗೊತ್ತಿದ್ದಿರಬೇಕು.

ಪುಸ್ತಕಕ್ಕೆ ಮಡಿಲಿಲ್ಲ, ಕಂಠವಿಲ್ಲ. ಆದುದರಿಂದ ಕಥೆಯು ಅಚ್ಚಿಗೆ ಬಂದಾಗ ಎರಡು ಪ್ರಶ್ನೆಗಳು ಹುಟ್ಟಿದುವು. ಮಗುವನ್ನು ಹೆದರಿಸುವವರು ಯಾರು? ಹೆದರಿದ ಮಗುವನ್ನು ಹಿಡಿದುಕೊಳ್ಳುವವರು ಯಾರು? ಮುಂದಿನ ಸಚಿತ್ರ ಪುನರ್ಕಥನಗಳೆಲ್ಲ ಈ ಎರಡು ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳೆಂದೇ ನಮ್ಮ ಭಾವನೆ.

ಮಾತಿನಲ್ಲಿ ದೊರೆತ ಮೊದಲನೆಯ ದೊಡ್ಡ ಉತ್ತರವು ಜರ್ಮನಿಯ ಗ್ರಿಮ್ ಸಹೋದರರದು. ಯಾಕೋಬ್ ಮತ್ತು ವಿಲ್ಹೆಲ್ಮ್ ಗ್ರಿಮ್ ೧೮೧೨ರಲ್ಲಿ ತಮ್ಮ ಸಂಗ್ರಹದ ಮೊದಲನೆಯ ಸಂಪುಟವನ್ನು ಪ್ರಕಟಿಸಿದರು. ಈ ಕಥೆಯನ್ನು ಅವರಿಗೆ ಹೇಳಿದವರು ಕಾಸೆಲ್ ಪಟ್ಟಣದ ಹಾಸೆನ್‌ಪ್ಫ್ಲುಗ್ ಮನೆತನದ ಹೆಣ್ಣುಮಕ್ಕಳು. ಆ ಮನೆಗೆ ಫ್ರೆಂಚ್ ಮೂಲದ ಸಂಬಂಧವಿದ್ದಿತು. ಗ್ರಿಮ್ಮರ ಕಥೆಯಲ್ಲಿ ತೋಳವು ನುಂಗಿದಮೇಲೆ ಬೇಟೆಗಾರನು ಬರುವನು. ಗೊರಕೆಯನ್ನು ಕೇಳಿ ಒಳಹೊಕ್ಕು, ತೋಳದ ಹೊಟ್ಟೆಯನ್ನು ಸೀಳಿ ಇಬ್ಬರನ್ನೂ ಜೀವಂತವಾಗಿ ಹೊರತೆಗೆಯುವನು. ಹೊಟ್ಟೆಗೆ ಕಲ್ಲು ತುಂಬಿದಮೇಲೆ ತೋಳವು ಸಾಯುವುದು. ಇದನ್ನು ಪೆರೋವಿನ ಕಥೆಗೆ ಹಚ್ಚಿದ ಸಕ್ಕರೆಯೆಂದು ಕೆಲವರು ಹಳಿಯುವುದುಂಟು. ನಮಗೆ ಹಾಗೆ ತೋರುವುದಿಲ್ಲ. ಗ್ರಿಮ್ಮರಲ್ಲಿಯೂ ತೋಳವು ನುಂಗಿಯೇ ನುಂಗುವುದು. ಹುಡುಗಿಯು ಆ ಕತ್ತಲೆಯನ್ನು ಹೊಕ್ಕು ಹೊರಬರುವಳು. ಒಳಗೆ ಎಷ್ಟು ಕತ್ತಲೆಯಿತ್ತೆಂದು ಹೊರಬಂದೊಡನೆ ಹೇಳುವಳು. ಭಯವು ಕಡಿಮೆಯಾಗಲಿಲ್ಲ, ಭಯದಾಚೆಗೊಂದು ದಡವು ಕಾಣಿಸಿತು. ಹೆದರಿದ ಮಗುವನ್ನು ಹಿಡಿದುಕೊಳ್ಳುವ ಅಜ್ಜಿಯ ಕೈಯು ಇಲ್ಲಿ ಕಥೆಯೊಳಕ್ಕೇ ಬಂದು ಬೇಟೆಗಾರನಾಯಿತೆಂದು ಹೇಳಬಹುದು.

ಆ ಮೊದಲನೆಯ ಸಂಪುಟದಲ್ಲಿ ಕಥೆಗಳಿಗೆ ಚಿತ್ರಗಳಿರಲಿಲ್ಲ, ವಿದ್ವತ್ಪೂರ್ಣವಾದ ಟಿಪ್ಪಣಿಗಳಿದ್ದುವು. ಅದು ಮಕ್ಕಳ ಪುಸ್ತಕವಲ್ಲವೆಂಬ ಆಕ್ಷೇಪಣೆಯು ಬಂದದ್ದರಲ್ಲಿ ಆಶ್ಚರ್ಯವಿಲ್ಲ. ೧೮೨೩ರಲ್ಲಿ ಲಂಡನ್ನಿನ ಎಡ್ಗರ್ ಟೇಲರನು ಆಯ್ದ ಕೆಲವು ಕಥೆಗಳನ್ನು ಇಂಗ್ಲಿಷಿಗೆ ತಂದು, ಜಾರ್ಜ್ ಕ್ರೂಕ್‌ಷ್ಯಾಂಕನಿಂದ ಚಿತ್ರಗಳನ್ನು ಕೊರೆಯಿಸಿ ಅಚ್ಚುಹಾಕಿಸಿದನು. ಆ ಪುಸ್ತಕವು ಜನಪ್ರಿಯವಾಯಿತು. ಅದನ್ನು ಕಂಡ ಗ್ರಿಮ್ ಸಹೋದರರು ೧೮೨೫ರಲ್ಲಿ ೫೦ ಕಥೆಗಳ ಚಿಕ್ಕ ಆವೃತ್ತಿಯೊಂದನ್ನು, ತಮ್ಮ ತಮ್ಮನಾದ ಲೂಡ್ವಿಗ್ ಎಮಿಲ್ ಗ್ರಿಮ್ಮನ ೭ ಚಿತ್ರಗಳೊಡನೆ ಹೊರತಂದರು. ಪಂಡಿತರ ಸಂಗ್ರಹವು ಮಕ್ಕಳ ಕೈಗೆ ಬಂದದ್ದು ಚಿತ್ರದ ಮೂಲಕವೆಂಬುದು ಇದರಿಂದ ಸ್ಪಷ್ಟವಾಗುವುದು.

ಕೆಂಪು ಕುಲಾವಿಯ ಕಥೆಗೆ ಬಂದ ಚಿತ್ರಗಳಲ್ಲಿ ಶ್ರೇಷ್ಠವಾದುವು ಯಾವುವೆಂದರೆ, ೧೮೬೨ರಲ್ಲಿ ಪ್ಯಾರಿಸಿನ ಹೆಟ್ಸೆಲ್ ಪ್ರಕಟಿಸಿದ ಪೆರೋ ಕಥೆಗಳ ದೊಡ್ಡ ಆಕಾರದ ಆವೃತ್ತಿಗೆ ಗುಸ್ತಾವ್ ಡೊರೇ ಬರೆದ ಮೂರು ಚಿತ್ರಗಳು. ಆಗ ಡೊರೇಗೆ ಸುಮಾರು ೩೦ ವರ್ಷ ವಯಸ್ಸು. ಅವನು ಮರದ ಹಲಗೆಯ ಮೇಲೆ ಬರೆದದ್ದನ್ನು ನುರಿತ ಕೆತ್ತನೆಗಾರರು ಕೊರೆದು ಅಚ್ಚಿಗೆ ಸಿದ್ಧಪಡಿಸಿದರು. ಪೆರೋವಿನ ಕಠಿನವಾದ ಮುಕ್ತಾಯವನ್ನು ಈ ಆವೃತ್ತಿಯು ಹಾಗೆಯೇ ಉಳಿಸಿಕೊಂಡಿದೆ. ಹಾಗಿದ್ದಮೇಲೆ ಚಿತ್ರಕಾರನು ಏನು ಮಾಡಿದನು?

ಮೊದಲನೆಯ ಚಿತ್ರದಲ್ಲಿ ಹುಡುಗಿಯು ಕಾಡಿನಲ್ಲಿ ತೋಳವನ್ನು ಎದುರುಗೊಂಡಿರುವಳು. ತೋಳದ ಮೈ ಬಹಳ ದೊಡ್ಡದು. ಅದು ಅವಳನ್ನು ಒತ್ತರಿಸಿಕೊಂಡು ನಿಂತಿದೆ. ಅದರ ಬಾಯಿಯನ್ನೂ ಹಲ್ಲನ್ನೂ ನಮ್ಮ ಕಡೆಗೆ ತೋರಿಸುವುದು ಸಾಮಾನ್ಯ ಚಿತ್ರಕಾರನಿಗೆ ಸುಲಭವಾದ ದಾರಿಯಾಗಿತ್ತು. ಡೊರೇ ಹಾಗೆ ಮಾಡದೆ ಅದರ ಬೆನ್ನನ್ನು ನಮಗೆ ಕೊಟ್ಟನು, ಮುಖವನ್ನು ಹುಡುಗಿಗೆ ಕೊಟ್ಟನು. ಅವಳು ಹೆದರಿ ಓಡುತ್ತಿಲ್ಲ. ಆ ಮುಖವನ್ನೇ ದಿಟ್ಟಿಸಿ ನೋಡುತ್ತಿರುವಳು. ಸವಿಮಾತಿನ ತೋಳವೆಂದು ಪೆರೋ ನೀತಿಪದ್ಯದಲ್ಲಿ ಹೇಳಿದ್ದು ಇಲ್ಲಿ ಒಂದು ನೋಟದಲ್ಲಿ ತೋರಿತು. ಎರಡನೆಯ ಚಿತ್ರದಲ್ಲಿ ತೋಳವು ಅಜ್ಜಿಯ ಹಾಸಿಗೆಯನ್ನು ಏರಿರುವುದು. ಮೂರನೆಯದರಲ್ಲಿ ಅಜ್ಜಿಯ ಟೋಪಿಯನ್ನು ಧರಿಸಿದ ತೋಳವೂ ಹುಡುಗಿಯೂ ಒಂದೇ ಹಾಸಿಗೆಯಲ್ಲಿರುವರು. ಹುಡುಗಿಯು ಹೊದಿಕೆಯನ್ನು ಸೆಳೆದುಕೊಳ್ಳುತ್ತ, ಕಣ್ಣನ್ನು ಅಗಲವಾಗಿ ತೆರೆದು ಪಕ್ಕದಲ್ಲಿರುವ ಮುಖವನ್ನು ನೋಡುತ್ತಿರುವಳು. ಅವಳಿಗೆ ತಿಳಿಯುತ್ತಿದೆ; ಇನ್ನೂ ಪೂರ್ತಿಯಾಗಿ ತಿಳಿದಿಲ್ಲ. ನಾಲ್ಕನೆಯ ಚಿತ್ರವಿಲ್ಲ.

ಡೊರೇಯ ಹಿರಿಮೆಯು ಈ ಇಲ್ಲದ ನಾಲ್ಕನೆಯ ಚಿತ್ರದಲ್ಲಿ ಕಾಣುವುದು. ನಮ್ಮ ನಾಟ್ಯಶಾಸ್ತ್ರಜ್ಞರು ರಂಗದ ಮೇಲೆ ತೋರಿಸಬಾರದ ಕಾರ್ಯಗಳನ್ನು ಎಣಿಸುವಾಗ ವಧೆಯನ್ನು ಹೇಳುವರು; ದಶರೂಪಕದ ಆ ಪಟ್ಟಿಯಲ್ಲಿ ಭೋಜನವೂ ಸೇರಿದೆ. ತೋಳದ ಕಾರ್ಯದಲ್ಲಿ ವಧೆ, ಭೋಜನ ಎರಡೂ ಒಂದೇ. ಅದನ್ನು ಮಾತು ಹೇಳಬಹುದು, ಕಣ್ಣು ಕಾಣಬಾರದು. ಈ ಮರ್ಯಾದೆಯನ್ನು ಡೊರೇ ಯಾವ ಶಾಸ್ತ್ರವನ್ನೂ ಓದದೆ ಪಾಲಿಸಿದನು. ಆದರೆ ಅವನು ಭಯವನ್ನು ಬಚ್ಚಿಡಲಿಲ್ಲ. ಹುಡುಗಿಯ ಕಣ್ಣಿನಲ್ಲಿ ಅದನ್ನು ಪೂರ್ತಿಯಾಗಿ ಇಟ್ಟು, ಮುಂದಿನದನ್ನು ಧ್ವನಿಗೆ ಬಿಟ್ಟನು. ಆನಂದವರ್ಧನನು ಕಾವ್ಯದ ಆತ್ಮವೆಂದು ಕರೆದದ್ದು ಮಕ್ಕಳ ಪುಸ್ತಕದ ಚಿತ್ರದಲ್ಲಿಯೂ ಇರಬಲ್ಲುದೆಂಬುದಕ್ಕೆ ಇದು ನಿದರ್ಶನ. ಅಂಚಿನಲ್ಲಿ ಸೂಚಿತವಾಗಿದ್ದ ಆ ಗಟ್ಟಿಯಾದ ದನಿಯು ಇಲ್ಲಿ ಮೌನವಾಗಿ ಕೇಳಿಸುವುದು. ಇನ್ನೊಂದು ಸಂಗತಿ: ಈ ಚಿತ್ರಗಳು ಕಪ್ಪು ಬಿಳುಪಿನವು. ಯಾವ ಕುಲಾವಿಯಿಂದ ಕಥೆಗೆ ಹೆಸರು ಬಂದಿತೋ ಅದರ ಕೆಂಪೇ ಚಿತ್ರದಲ್ಲಿಲ್ಲ. ಕಥೆಯನ್ನು ಕೇಳಿದ ಮಗುವು ಆ ಬಣ್ಣವನ್ನು ತಾನೇ ತುಂಬಿಕೊಳ್ಳುವುದು.

ಬಣ್ಣದ ಅಚ್ಚು ಸುಲಭವಾದಮೇಲೆ ಬಂದವರಲ್ಲಿ ಇಂಗ್ಲೆಂಡಿನ ಆರ್ಥರ್ ರಾಕ್‌ಹಮ್ ಗಣ್ಯನು. ೧೯೦೯ರಲ್ಲಿ ೪೦ ವರ್ಣಚಿತ್ರಗಳೊಡನೆ ಪ್ರಕಟವಾದ ಅವನ ಗ್ರಿಮ್ ಕಥೆಗಳಲ್ಲಿ ಈ ಹುಡುಗಿಯೂ ಇರುವಳು. ಕಂದುಬಣ್ಣದ ಕಾಡಿನ ನಡುವೆ ಅವಳ ಕೆಂಪು ಉಡುಗೆಯು ಎದ್ದು ಕಾಣುವುದು. ಅವಳಿಗಿಂತಲೂ ತೋಳಕ್ಕಿಂತಲೂ ಮಿಗಿಲಾಗಿ ಮನಸ್ಸನ್ನು ಹಿಡಿಯುವುದು ತಿರುಚಿಕೊಂಡಿರುವ ಮುದಿಮರ. ಡೊರೇ ಭಯವನ್ನು ಕಣ್ಣಿನಲ್ಲಿಟ್ಟರೆ ರಾಕ್‌ಹಮ್ ಅದನ್ನು ಮರದ ಬೇರುಕೊಂಬೆಗಳಲ್ಲಿ ಹರಡಿದನು. ದಾರಿಗಳು ಬೇರೆಯಾದರೂ ಇಬ್ಬರೂ ಕಥೆಯ ಭಯವನ್ನು ಕದಿಯಲಿಲ್ಲ.

ಕದ್ದವನು ಯಾರೆಂದರೆ, ಆಶ್ಚರ್ಯಕರವಾಗಿ, ಗ್ರಿಮ್ ಕಥೆಗಳನ್ನು ಇಂಗ್ಲೆಂಡಿನ ಮಕ್ಕಳ ಬಳಿಗೆ ಕರೆತಂದ ಆ ಕ್ರೂಕ್‌ಷ್ಯಾಂಕನೇ. ಅವನ ಕೈಚಳಕಕ್ಕೆ ಸಮಾನರಾದವರು ಆ ಕಾಲದಲ್ಲಿ ವಿರಳ. ನಡುವಯಸ್ಸಿನಲ್ಲಿ ಅವನು ಮದ್ಯವನ್ನು ಸಂಪೂರ್ಣವಾಗಿ ತ್ಯಜಿಸಿ, ಪಾನನಿರೋಧದ ಉತ್ಸಾಹಿ ಪ್ರಚಾರಕನಾದನು. ಆ ಉತ್ಸಾಹವು ೧೮೫೩ರಿಂದ ಅವನು ತಾನೇ ಬರೆದು ಚಿತ್ರಿಸಿದ ಅದ್ಭುತಕಥೆಗಳ ಮಾಲೆಯೊಳಕ್ಕೂ ನುಗ್ಗಿತು. ಅವನ ಸಿಂಡರೆಲ್ಲಳ ಕಥೆಯಲ್ಲಿ ಮದುವೆಗಾಗಿ ದ್ರಾಕ್ಷಾರಸದ ಕಾರಂಜಿಗಳನ್ನು ಹರಿಸಬೇಕೆಂದು ರಾಜನು ಯೋಚಿಸಿದರೆ, ಅವಳಿಗೆ ನೆರವಾದ ಮಾಯಾಮಾತೆಯು ಕುಡಿತದ ಕೇಡನ್ನು ಕುರಿತು ಉಪನ್ಯಾಸಮಾಡುವಳು. ಕಡೆಗೆ ರಾಜ್ಯದ ಮದ್ಯವೆಲ್ಲವೂ ಬೆಂಕಿಗೆ ಆಹುತಿಯಾಗುವುದು. ಅವನ ಹಳೆಯ ಗೆಳೆಯನಾದ ಚಾರ್ಲ್ಸ್ ಡಿಕನ್ಸನು, ಈ ಮಾಲೆಯು ಆರಂಭವಾದ ೧೮೫೩ರಲ್ಲಿಯೇ, ಅಕ್ಟೋಬರ್ ತಿಂಗಳಲ್ಲಿ ತನ್ನ ವಾರಪತ್ರಿಕೆಯಲ್ಲಿ ಇದನ್ನು ಕಟುವಾಗಿ ಖಂಡಿಸಿದನು. ಕೇವಲ ಉಪಯೋಗವನ್ನೇ ನೋಡುವ ಕಾಲದಲ್ಲಿ ಇಂಥ ಕಥೆಗಳನ್ನು ಇದ್ದಂತೆ ಗೌರವಿಸುವುದು ಅತ್ಯಗತ್ಯವೆಂದು ವಾದಿಸಿ, ಸಿಂಡರೆಲ್ಲಳ ಕಥೆಗೆ ತಾನೂ ಹಲವು ಬಗೆಯ ಸುಧಾರಣೆಗಳನ್ನು ತುಂಬಿ ಅಪಹಾಸ್ಯ ಮಾಡಿದನು. ಕ್ರೂಕ್‌ಷ್ಯಾಂಕನ ಉದ್ದೇಶವು ಕೆಟ್ಟದಾಗಿರಲಿಲ್ಲ. ಕುಡಿತದಿಂದ ಹಾಳಾದ ಮನೆಗಳನ್ನು ಅವನು ಬಲ್ಲವನು. ಚಿತ್ರಗಳೂ ಕೆಟ್ಟಿರಲಿಲ್ಲ. ಆದರೂ ಪುಸ್ತಕವು ಕೆಟ್ಟಿತು. ಏಕೆಂದರೆ ಪೆರೋ ಹೊರಗಿಟ್ಟಿದ್ದ ನೀತಿಯು ಅವನಲ್ಲಿ ಒಳಗೆ ಬಂದು ಕಥೆಯ ಸ್ಥಾನದಲ್ಲಿ ಕುಳಿತಿತು.

ಈ ಜಗಳವು ಹಳೆಯದಾಯಿತೆಂದು ಭಾವಿಸಬೇಕಾಗಿಲ್ಲ. ೧೯೮೩ರಲ್ಲಿ ಅಮೆರಿಕೆಯ ಟ್ರೀನಾ ಷಾರ್ಟ್ ಹೈಮನ್ ಎಂಬಾಕೆಯು ಗ್ರಿಮ್ಮರ ಕಥೆಯನ್ನು ಮರಳಿ ಹೇಳಿ, ಚಿತ್ರಿಸಿ ಪ್ರಕಟಿಸಿದರು. ಪುಟದ ಅಂಚುಗಳಲ್ಲಿ ಹೂಬಳ್ಳಿಗಳ ಚೌಕಟ್ಟು, ಮನೆಯೊಳಗಿನ ಪಾತ್ರೆಪದಾರ್ಥಗಳು, ಬೆಳಕು ಬೀಳುವ ಕಿಟಕಿಗಳು ಇವುಗಳಿಂದ ಕೂಡಿದ ಆ ಚಿತ್ರಗಳಿಗೆ ಮರುವರ್ಷ ಅಲ್ಲಿಯ ಕಾಲ್ಡೆಕಾಟ್ ಗೌರವವು ದೊರೆಯಿತು. ಗ್ರಿಮ್ಮರ ಹುಡುಗಿಯು ಅಜ್ಜಿಗೆ ಕೊಂಡೊಯ್ಯುವುದು ಕೇಕು, ದ್ರಾಕ್ಷಾರಸ. ಆದುದರಿಂದ ಹೈಮನ್ನರ ಚಿತ್ರದ ಬುಟ್ಟಿಯಲ್ಲಿ ಸೀಸೆಯೊಂದು ಕಾಣುವುದು. ೧೯೯೦ರ ಸುಮಾರಿಗೆ ಕ್ಯಾಲಿಫೋರ್ನಿಯ ಸಂಸ್ಥಾನದ ಕೆಲವು ಶಾಲಾಮಂಡಲಗಳಲ್ಲಿ ಈ ಸೀಸೆಯ ಕಾರಣದಿಂದ ಪುಸ್ತಕವನ್ನು ಮಕ್ಕಳಿಂದ ದೂರವಿಟ್ಟರು. ತೋಳವು ಇಬ್ಬರನ್ನು ನುಂಗಿದ್ದಕ್ಕಾಗಿ ಅಲ್ಲ, ಸೀಸೆಗಾಗಿ! ಇದನ್ನು ನಕ್ಕು ಬಿಡುವುದು ಸುಲಭ. ಆದರೆ ಇದರಲ್ಲೊಂದು ಪಾಠವುಂಟು. ದ್ರಾಕ್ಷಾರಸವೆಂಬ ಮಾತು ಗ್ರಿಮ್ಮರಲ್ಲಿ ಮೊದಲಿನಿಂದಲೂ ಇತ್ತು. ಮಾತಿನಲ್ಲಿ ಕಾಣದಿದ್ದ ದೋಷವು ಚಿತ್ರದಲ್ಲಿ ಕಂಡಿತು. ಓದಿದ್ದು ಕಿವಿಯ ಬಳಿ ಹಾದುಹೋಗುವುದು. ಚಿತ್ರಿಸಿದ್ದು ಪುಟದ ಮೇಲೆ ನಿಲ್ಲುವುದು. ಚಿತ್ರವು ಬರಿಯ ಒಡವೆಯಲ್ಲವೆಂದು ಒಪ್ಪಿಕೊಂಡವರಲ್ಲಿ ಅದನ್ನು ದೂರವಿಟ್ಟವರೂ ಸೇರಿದರು.

ಅದೇ ೧೯೮೩ರಲ್ಲಿ ಇನ್ನೊಂದು ಪುಸ್ತಕವು ಬಂದಿತು. ಫ್ರಾನ್ಸಿನ ಛಾಯಾಚಿತ್ರಗ್ರಾಹಕಿ ಸಾರಾ ಮೂನ್ ಪೆರೋವಿನ ಮಾತನ್ನು ಬದಲಿಸದೆ ಇಟ್ಟುಕೊಂಡು, ಕಪ್ಪುಬಿಳುಪಿನ ಛಾಯಾಚಿತ್ರಗಳಲ್ಲಿ ಅದನ್ನು ನಗರಕ್ಕೆ ತಂದರು. ಅಲ್ಲಿ ಕಾಡಿಲ್ಲ, ರಾತ್ರಿಯ ಬೀದಿಯಿದೆ. ತೋಳವಿಲ್ಲ, ಒಂದು ಕಪ್ಪು ಮೋಟಾರುಗಾಡಿಯಿದೆ. ಗಾಡಿಯ ದೀಪದ ಬೆಳಕಿನಲ್ಲಿ ಶಾಲೆಯ ಹುಡುಗಿಯೊಬ್ಬಳು ಸಿಕ್ಕಿಕೊಂಡು ನಿಂತಿರುವಳು. ಗಾಡಿಯನ್ನು ನಡೆಸುವವನು ನಮಗೆ ಕಾಣುವುದಿಲ್ಲ. ಕಡೆಯ ಚಿತ್ರದಲ್ಲಿ ಹುಡುಗಿಯೂ ಇಲ್ಲ. ಮುದುಡಿದ ಬಿಳಿಯ ಹಾಸಿಗೆಬಟ್ಟೆ ಮಾತ್ರ ಇರುವುದು. ಡೊರೇ ಮೂರನೆಯ ಚಿತ್ರಕ್ಕೆ ನಿಂತನು; ಮೂನ್ ಅದರಾಚೆಗೆ ಹೋಗಿ, ನಡೆದದ್ದನ್ನು ತೋರಿಸದೆ ನಡೆದುಹೋದಮೇಲಿನ ಬರಿದನ್ನು ತೋರಿಸಿದರು. ಪೆರೋವಿನ ನೀತಿಪದ್ಯದ ಅರ್ಥವು ಇದಕ್ಕಿಂತ ಸ್ಪಷ್ಟವಾಗಿ ಎಲ್ಲಿಯೂ ಮೂಡಿಲ್ಲ. ಆದರೆ ಇದು ಎಳೆಯ ಮಕ್ಕಳಿಗೆ ತಕ್ಕ ಪುಸ್ತಕವೆಂದು ಹೇಳಲು ನಮಗೆ ಧೈರ್ಯವಿಲ್ಲ. ಕಾಡಿನ ತೋಳವು ಕಥೆಯ ತೋಳವೆಂದು ಮಗುವಿಗೆ ಗೊತ್ತು. ಬೀದಿಯ ಗಾಡಿಯು ಮನೆಯ ಮುಂದೆಯೇ ನಿಂತಿರುವುದು. ಛಾಯಾಚಿತ್ರವು ‘ಇದು ನಿಜ’ ಎನ್ನುವುದು. ಅಭಿನವಗುಪ್ತನು ಹೇಳಿದ ದೇಶಕಾಲಗಳ ಕಟ್ಟು ಇಲ್ಲಿ ಬಿಗಿಯಾಗಿಯೇ ಉಳಿಯುವುದರಿಂದ, ಎಳೆಯನಲ್ಲಿ ಭಯವು ರಸವಾಗದೆ ಭಯವಾಗಿಯೇ ನಿಲ್ಲಬಹುದು. ದೊಡ್ಡ ಹುಡುಗಿಯರು ಇದನ್ನು ಓದಬೇಕು. ಓದಿದಮೇಲೆ ಮಾತನಾಡಲು ಹಿರಿಯರೊಬ್ಬರು ಹತ್ತಿರವಿರಬೇಕು.

ಇನ್ನು ಈ ಕಾಲದ ಸಾಮಾನ್ಯವಾದ ಪುನರ್ಕಥನಗಳ ಮಾತು. ಇವುಗಳಲ್ಲಿ ಅನೇಕವು ನುಂಗುವ ಸಂಗತಿಯನ್ನೇ ತೆಗೆದುಹಾಕಿವೆ. ತೋಳವು ಬಂದಾಗ ಅಜ್ಜಿಯು ಬಟ್ಟೆಯ ಬೀರುವಿನಲ್ಲಿ ಅಡಗಿಕೊಳ್ಳುವಳು. ಹುಡುಗಿಯು ಕೂಗಿಕೊಂಡೊಡನೆ ಯಾರೋ ಬಂದು ತೋಳವನ್ನು ಓಡಿಸುವರು. ಕಡೆಗೆ ಎಲ್ಲರೂ ತಿಂಡಿ ತಿನ್ನುವರು. ಚಿತ್ರದಲ್ಲಿ ತೋಳಕ್ಕೆ ದುಂಡು ಕಣ್ಣು, ಮೊಂಡು ಹಲ್ಲು, ನಗುಮುಖ. ಮಕ್ಕಳು ಹೆದರಬಾರದೆಂಬ ವಾತ್ಸಲ್ಯವೇ ಇದಕ್ಕೆ ಕಾರಣವೆಂಬುದನ್ನು ನಾವು ಒಪ್ಪುವೆವು. ಆದರೆ ಇದರಿಂದ ಏನಾಯಿತೆಂಬುದನ್ನು ನೋಡಬೇಕು. ನುಂಗಲಾರದ ತೋಳವು ಹಾಸಿಗೆಯಲ್ಲಿ ಏಕೆ ಮಲಗಿತು? ಹಲ್ಲಿನ ಮಾತಿಗೆ ಅರ್ಥವೇನು? ಪ್ರಶ್ನೋತ್ತರಗಳು ಏರುತ್ತ ಏರುತ್ತ ಹೋಗಿ ಬರಿದಾದೆಡೆಯಲ್ಲಿ ಮುಗ್ಗರಿಸುವುವು. ಇದು ರಚನೆಯ ದೋಷ. ಇದಕ್ಕಿಂತ ದೊಡ್ಡ ದೋಷವೊಂದುಂಟು. ಸವಿಮಾತಿನ ಅಪರಿಚಿತನಿಗೆ ಮನೆಯ ದಾರಿಯನ್ನು ಹೇಳಬಾರದೆಂಬುದನ್ನು ಲೋಕವು ಈ ಕಥೆಯ ಮೂಲಕ ತನ್ನ ಮಕ್ಕಳಿಗೆ ತಿಳಿಸುತ್ತ ಬಂದಿದೆ. ತೋಳವು ನಗುಮುಖದ್ದು, ಕಚ್ಚುವುದಿಲ್ಲ, ಕೂಗಿದರೆ ಓಡಿಹೋಗುವುದು ಎಂದು ಚಿತ್ರವು ಹೇಳಿದರೆ, ಪೆರೋ ಯಾವ ತೋಳವನ್ನು ಕುರಿತು ಎಚ್ಚರಿಸಿದನೋ ಆ ತೋಳದ ಪರವಾಗಿಯೇ ಪುಸ್ತಕವು ಮಾತನಾಡಿದಂತಾಗುವುದು. ಮಗುವಿನ ಹಿತಕ್ಕೆಂದು ಮಾಡಿದ ತಿದ್ದುಪಡಿಯು ಮಗುವಿನ ಕೈಯಲ್ಲಿದ್ದ ದೀಪವನ್ನು ಆರಿಸಿತು.

ಇದಕ್ಕೆ ಪ್ರತಿವಾದವೊಂದುಂಟು, ಅದನ್ನು ಅಲಕ್ಷ್ಯಮಾಡಲಾಗದು. ಅಜ್ಜಿಯು ಮಗುವಿನ ಮುಖವನ್ನು ನೋಡಿ ದನಿಯನ್ನು ಏರಿಸಬಲ್ಲಳು, ಇಳಿಸಬಲ್ಲಳು. ಅಚ್ಚಾದ ಚಿತ್ರವು ಯಾವ ಮಗುವಿನ ಮುಖವನ್ನೂ ನೋಡಲಾರದು. ಧೈರ್ಯವಂತನಾದ ಹುಡುಗನಿಗೂ, ರಾತ್ರಿ ಬೆಚ್ಚಿಬೀಳುವ ಕೂಸಿಗೂ ಒಂದೇ ಚಿತ್ರ. ಹೀಗಿರಲು ಎಚ್ಚರಿಕೆಯ ಪಕ್ಷವನ್ನು ಹಿಡಿಯುವುದು ತಪ್ಪೆ? ಈ ಆಕ್ಷೇಪಣೆಯಲ್ಲಿ ಸತ್ಯವಿದೆ. ಅದರಿಂದಲೇ ಚಿತ್ರಕಾರನ ಹೊಣೆಯು ಕಥೆಗಾರ್ತಿಯ ಹೊಣೆಗಿಂತ ದೊಡ್ಡದು. ಆದರೆ ಆ ಹೊಣೆಯನ್ನು ತೀರಿಸುವ ಬಗೆಯು ಕಥೆಯನ್ನು ಹಲ್ಲಿಲ್ಲದಂತೆ ಮಾಡುವುದಲ್ಲ. ಯಾವುದನ್ನು ತೋರಿಸಬೇಕು, ಯಾವುದನ್ನು ತೋರಿಸದೆ ಬಿಡಬೇಕು ಎಂಬ ಔಚಿತ್ಯವನ್ನು ಅರಿಯುವುದು. ತೋರಿಸದೆ ಬಿಟ್ಟದ್ದನ್ನು ಪ್ರತಿಯೊಂದು ಮಗುವೂ ತನ್ನ ಶಕ್ತಿಗೆ ತಕ್ಕಷ್ಟೇ ಊಹಿಸಿಕೊಳ್ಳುವುದು. ಡೊರೇಯ ಮೂರನೆಯ ಚಿತ್ರವನ್ನು ಕಂಡು ಒಂದು ಮಗುವು ಟೋಪಿ ತೊಟ್ಟ ತೋಳಕ್ಕೆ ನಗಬಹುದು, ಇನ್ನೊಂದು ಮಗುವು ಹುಡುಗಿಯ ಕಣ್ಣನ್ನು ಕಂಡು ಸುಮ್ಮನಾಗಬಹುದು. ಅಜ್ಜಿಯ ದನಿಯಂತೆ ಏರಿಳಿಯುವ ಗುಣವು ಚಿತ್ರಕ್ಕೆ ಈ ಧ್ವನಿಯಿಂದಲೇ ಬರುವುದು. ಬೆಚ್ಚಿಬೀಳುವ ಕೂಸಿಗೆ ಗ್ರಿಮ್ಮರ ಕಥೆಯಿದೆ. ಅಲ್ಲಿ ತೋಳದ ಹೊಟ್ಟೆಯಿಂದ ಹೊರಬರುವ ದಾರಿಯೂ ಇದೆ. ಮೃದುವಾದ ಕಥೆಯು ಬೇಕಾದವರು ಅದನ್ನು ಆರಿಸಿಕೊಳ್ಳಬಹುದು. ಸುಳ್ಳಾದ ಕಥೆಯು ಯಾರಿಗೂ ಬೇಡ.

ಕನ್ನಡದಲ್ಲಿ ಈ ಕಥೆಗಳನ್ನು ಮಕ್ಕಳಿಗಾಗಿ ಮರಳಿ ಬರೆಯುವವರಿಗೂ ಚಿತ್ರಿಸುವವರಿಗೂ ನಾವು ವಿನಯದಿಂದ ಒಂದೆರಡು ಮಾತನ್ನು ಹೇಳಬಯಸುವೆವು. ಬರೆಯುವವರು ಮೊದಲು ಪೆರೋವಿನ ಕಥೆಯೊ ಗ್ರಿಮ್ಮರ ಕಥೆಯೊ ಎಂದು ನಿಶ್ಚಯಿಸಿಕೊಳ್ಳಬೇಕು. ಒಬ್ಬರ ಚಿತ್ರಕ್ಕೆ ಇನ್ನೊಬ್ಬರ ಮಾತನ್ನು ಜೋಡಿಸಿದರೆ, ಪಕ್ಕದ ಪುಟದಲ್ಲಿ ಹುಡುಗಿಯು ತೋಳದ ಮಗ್ಗುಲಲ್ಲಿ ನಡುಗುತ್ತಿರುವಾಗ ಮಾತು ಬೀರುವಿನ ಅಜ್ಜಿಯನ್ನು ಹುಡುಕುತ್ತಿರುವುದು. ಮಗುವು ಇವೆರಡರಲ್ಲಿ ಚಿತ್ರವನ್ನೇ ನಂಬುವುದು. ಚಿತ್ರಿಸುವವರು ಮಾತು ಹೇಳಿದ್ದನ್ನೇ ಮತ್ತೆ ಬರೆಯಬಾರದು. ಮಾತು ನಿಂತೆಡೆಯಲ್ಲಿ ಹೊರಡಬೇಕು, ಕಣ್ಣು ಕಾಣಬಾರದೆಡೆಯಲ್ಲಿ ನಿಲ್ಲಬೇಕು. ನೀತಿಯನ್ನು ಹೇಳಲೇಬೇಕೆಂದಿದ್ದರೆ ಕಥೆಯು ಮುಗಿದಮೇಲೆ ಹೇಳಲಿ.

ಕೊಳ್ಳುವ ತಾಯಿತಂದೆಯರಿಗೂ ಒಂದು ಮಾತು.

ಪುಸ್ತಕದ ಚಿತ್ರವು ಅಜ್ಜಿಯ ಕಂಠದ ಕೆಲಸವನ್ನು ವಹಿಸಿಕೊಂಡಿತೆಂದು ಹೇಳಿದೆವು. ಆದರೆ ಅವಳ ಕೆಲಸವು ಎರಡು ಬಗೆಯದು: ಹೆದರಿಸುವುದು ಒಂದು, ಹಿಡಿದುಕೊಳ್ಳುವುದು ಇನ್ನೊಂದು. ಮೊದಲನೆಯದನ್ನು ಒಳ್ಳೆಯ ಚಿತ್ರಕಾರನು ಮಾಡಬಲ್ಲನು. ಎರಡನೆಯದನ್ನು ಯಾವ ಚಿತ್ರಕಾರನೂ ಪೂರ್ತಿಯಾಗಿ ಮಾಡಲಾರನು. ಪೆರೋವಿನ ಮುಖಚಿತ್ರದಲ್ಲಿ ಒಲೆಯ ಬಳಿ ಕುಳಿತ ಮುದುಕಿಯ ಸ್ಥಳವು ಇಂದಿಗೂ ತೆರವಾಗಿಯೇ ಇದೆ. ಒಳ್ಳೆಯ ಪುಸ್ತಕವನ್ನು ಕೊಂಡು ಮಗುವಿನ ಕೈಗಿತ್ತು ಎದ್ದುಹೋಗುವ ಬದಲು, ಯಾರಾದರೊಬ್ಬರು ಅಲ್ಲಿ ಕುಳಿತು, ಪುಟವನ್ನು ತಿರುವುತ್ತ, ಕಡೆಯ ಉತ್ತರವನ್ನು ಗಟ್ಟಿಯಾದ ದನಿಯಲ್ಲಿ ಓದಿ ಮಗುವನ್ನು ಅಪ್ಪಿಕೊಳ್ಳಬೇಕು. ತೋಳವನ್ನು ತಿದ್ದುವುದಕ್ಕಿಂತ ಇದು ಸುಲಭವಾದ ಉಪಾಯ. ಮಗುವಿಗೆ ಹಿತವಾದದ್ದೂ ಇದೇ.